ಶಾಲಾ ಇನ್‌ಸ್ಪೆಕ್ಟರು ಮ್ಯಾಥ್ಯೂ ಆರ್ನಾಲ್ಡರು

ಶಾಲೆಯ ವಾರ್ಷಿಕೋತ್ಸವದ ದಿನವನ್ನು ಮರೆತ ಪೂರ್ವವಿದ್ಯಾರ್ಥಿನಿಯು ಯಾರಿದ್ದಾಳೆ? ಅಂದು ಗೋಡೆಗಳಿಗೆ ಸುಣ್ಣ ಬಳಿದಿರುತ್ತದೆ. ಬಾಗಿಲಿಗೆ ತಳಿರುತೋರಣ ಕಟ್ಟಿರುತ್ತದೆ. ತಿಂಗಳುಗಟ್ಟಲೆ ಅಭ್ಯಾಸಮಾಡಿದ ಹಾಡುಗಳನ್ನು ಮಕ್ಕಳು ತಪ್ಪಿಲ್ಲದೆ ಹಾಡುತ್ತಾರೆ. ಹೊಲಿಗೆ ಕಸೂತಿಗಳಲ್ಲಿ ಅಂದವಾದವುಗಳನ್ನು ಮಾತ್ರ ಆರಿಸಿ ಮೇಜಿನ ಮೇಲೆ ಹರಡಿರುತ್ತಾರೆ. ವರ್ಷದ ವರದಿಯನ್ನು ಸಭೆಯ ಮುಂದೆ ಓದುತ್ತಾರೆ. ತಾಯಿತಂದೆಗಳು ಸಂತೋಷಪಟ್ಟು ಮನೆಗೆ ಮರಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಬ್ಬದ ದಿನ ಅಂಗಳವನ್ನು ಸಾರಿಸಿ ರಂಗವಲ್ಲಿ ಇಡುವುದು ಯಾರನ್ನೂ ವಂಚಿಸುವುದಕ್ಕಲ್ಲ. ಆದರೆ ಹಬ್ಬದ ಅಂಗಳವನ್ನು ನೋಡಿ ಮನೆಯ ಒಳಗಿನ ಸ್ಥಿತಿಯನ್ನು ಅಳೆಯಲಾಗದು. ಹಾಗಾದರೆ ಶಾಲೆಯ ಒಳಗನ್ನು ತಿಳಿಯುವ ಬಗೆ ಯಾವುದು? ಉಪಾಧ್ಯಾಯರು ತಮ್ಮ ಕೆಲಸಕ್ಕೆ ಯಾರಿಗೆ ಲೆಕ್ಕ ಒಪ್ಪಿಸಬೇಕು, ಯಾವ ಬಗೆಯ ಲೆಕ್ಕವನ್ನು ಒಪ್ಪಿಸಬೇಕು? ಈ ಪ್ರಶ್ನೆಗಳನ್ನು ಬಿಡದೆ 35 ವರ್ಷಗಳ ಕಾಲ ಶಾಲೆಯಿಂದ ಶಾಲೆಗೆ ಅಲೆದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದೆ. ಅವರೇ ಇಂಗ್ಲೆಂಡಿನ ಕವಿಗಳೂ ವಿಮರ್ಶಕರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು. ಕವಿಯೆಂದು ಅವರನ್ನು ಬಲ್ಲವರು ಅನೇಕರು. ಅವರ ಹೊಟ್ಟೆಪಾಡು ಶಾಲಾ ಇನ್‌ಸ್ಪೆಕ್ಟರ ಉದ್ಯೋಗದಿಂದ ನಡೆಯುತ್ತಿತ್ತೆಂಬುದನ್ನು ಬಲ್ಲವರು ಕೆಲವರೇ.

ಆರ್ನಾಲ್ಡರು 1822ನೆಯ ಇಸವಿ ಡಿಸೆಂಬರ್ 24ರಂದು ಥೇಮ್ಸ್ ನದಿಯ ದಡದ ಲೇಲ್‌ಹ್ಯಾಂ ಎಂಬ ಗ್ರಾಮದಲ್ಲಿ ಜನಿಸಿದರು. ಅವರ ತಂದೆ ಥಾಮಸ್ ಆರ್ನಾಲ್ಡರು 1828ರಲ್ಲಿ ರಗ್ಬಿ ಎಂಬ ಊರಿನ ಪ್ರಸಿದ್ಧ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋಗಿ, ಆ ಶಾಲೆಯ ನಡೆನುಡಿಯನ್ನೇ ತಿದ್ದಿ, ದೇಶಕ್ಕೆಲ್ಲ ಮಾದರಿಯಾದ ಗುರುವೆನಿಸಿಕೊಂಡರು. ಇಂಥ ತಂದೆಯ ಹಿರಿಯ ಮಗನಾಗಿ ಹುಟ್ಟುವುದು ಭಾಗ್ಯವೂ ಹೌದು, ಹೊರೆಯೂ ಹೌದು. ಬಾಲಕ ಮ್ಯಾಥ್ಯೂ ವಿಂಚೆಸ್ಟರಿನಲ್ಲಿಯೂ ಅನಂತರ ತಂದೆಯ ಶಾಲೆಯಲ್ಲಿಯೂ ಓದಿ, 1841ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿದರು. ಮರುವರ್ಷವೇ, ಅಂದರೆ 1842ರ ಜೂನ್ ತಿಂಗಳಲ್ಲಿ, ತಂದೆಯು ಹಠಾತ್ತಾಗಿ ತೀರಿಕೊಂಡರು. ಯುವಕ ಆರ್ನಾಲ್ಡರು ವಿನೋದಪ್ರಿಯರೂ ಉಡುಗೆತೊಡುಗೆಗಳಲ್ಲಿ ಶೋಕಿಯುಳ್ಳವರೂ ಆಗಿದ್ದರು. 1843ರಲ್ಲಿ ಕವಿತೆಗಾಗಿ ವಿಶ್ವವಿದ್ಯಾಲಯದ ಬಹುಮಾನವನ್ನು ಪಡೆದರಾದರೂ, 1844ರ ಪದವಿ ಪರೀಕ್ಷೆಯಲ್ಲಿ ಅವರಿಗೆ ದೊರೆತದ್ದು ಎರಡನೆಯ ದರ್ಜೆ ಮಾತ್ರ. ಮಹಾಗುರುವಿನ ಮಗನಿಂದ ಎಲ್ಲರೂ ನಿರೀಕ್ಷಿಸಿದ್ದು ಮೊದಲನೆಯದನ್ನು. ಹೀಗೆ, ಪರೀಕ್ಷೆಯ ದರ್ಜೆಯೊಂದರಿಂದಲೇ ಮನುಷ್ಯನ ಯೋಗ್ಯತೆಯನ್ನು ತೂಗಲಾಗದೆಂಬ ಪಾಠವು ಅವರಿಗೆ ಸ್ವಂತ ಅನುಭವದಿಂದಲೇ ಲಭಿಸಿತು. ಮರುವರ್ಷ ಓರಿಯಲ್ ಕಾಲೇಜಿನವರು ಅವರನ್ನು ಫೆಲೋ ಆಗಿ ಆರಿಸಿ, ಆ ಅವಮಾನವನ್ನು ತಕ್ಕಮಟ್ಟಿಗೆ ತೊಡೆದರು.

1847ರಲ್ಲಿ ಅವರು ಲಾರ್ಡ್ ಲ್ಯಾನ್ಸ್‌ಡೌನ್ ಎಂಬ ಮಂತ್ರಿಗಳ ಆಪ್ತ ಕಾರ್ಯದರ್ಶಿಗಳಾದರು. ಸರಕಾರದ ವಿದ್ಯಾಭ್ಯಾಸ ಸಮಿತಿಯು ಆ ಮಂತ್ರಿಗಳ ಕೈಯಲ್ಲಿಯೇ ಇತ್ತು. ಅಷ್ಟರಲ್ಲಿ ಆರ್ನಾಲ್ಡರು ನ್ಯಾಯಾಧೀಶರಾದ ಸರ್ ವಿಲಿಯಂ ವೈಟ್‌ಮನ್ನರ ಮಗಳು ಫ್ರಾನ್ಸಿಸ್ ಲೂಸಿಯನ್ನು ವರಿಸಲು ಬಯಸಿದರು. ಆದರೆ ಸಂಸಾರ ಹೂಡುವುದಕ್ಕೆ ಸ್ಥಿರವಾದ ಸಂಬಳ ಬೇಕಷ್ಟೆ. ಲ್ಯಾನ್ಸ್‌ಡೌನರು 1851ರ ಏಪ್ರಿಲ್ ತಿಂಗಳಲ್ಲಿ ಅವರನ್ನು ಶಾಲಾ ಇನ್‌ಸ್ಪೆಕ್ಟರನ್ನಾಗಿ ನೇಮಿಸಿದರು. ಜೂನ್ ತಿಂಗಳಲ್ಲಿ ವಿವಾಹವು ನೆರವೇರಿತು. ಆದುದರಿಂದ ಅವರು ಈ ಕೆಲಸಕ್ಕೆ ಬಂದದ್ದು ವಿದ್ಯಾದಾನದ ಉತ್ಸಾಹದಿಂದ ಅಲ್ಲ, ಮನೆ ನಡೆಸುವ ಅಗತ್ಯದಿಂದ. ಇದನ್ನು ಅವರು ಎಂದೂ ಮರೆಮಾಚಲಿಲ್ಲ. ಬೇಕೆಂದು ಹಿಡಿಯದ ಕೆಲಸವನ್ನೂ ಸತ್ಯವಾಗಿ ಮಾಡಿದರೆ ಅದು ಮನುಷ್ಯನನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲುದೆಂಬುದಕ್ಕೆ ಅವರ ಬಾಳೇ ನಿದರ್ಶನ.

ಆ ಕಾಲದ ಇಂಗ್ಲೆಂಡಿನ ಶಾಲೆಗಳ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಸಬೇಕಾಗಿದೆ. ಬಡವರ ಮಕ್ಕಳ ಶಾಲೆಗಳನ್ನು ನಡೆಸುತ್ತಿದ್ದವು ಸಭೆಗಳೂ ಧಾರ್ಮಿಕ ಸಂಘಗಳೂ. ಸರಕಾರವು 1833ರಿಂದ ಅವುಗಳಿಗೆ ಧನಸಹಾಯ ಮಾಡುತ್ತಿತ್ತು. ಕೊಟ್ಟ ಹಣವು ಸರಿಯಾಗಿ ವಿನಿಯೋಗವಾಗುತ್ತಿದೆಯೇ ಎಂದು ನೋಡಲು 1839ರಲ್ಲಿ ಇನ್‌ಸ್ಪೆಕ್ಟರುಗಳ ನೇಮಕವಾಯಿತು. ಇಂಗ್ಲೆಂಡಿನ ರಾಜಸಭೆಗೆ ಸೇರಿದ ಶಾಲೆಗಳನ್ನು ಅದರ ಪಾದ್ರಿಗಳೇ ಪರಿಶೀಲಿಸಬೇಕೆಂಬ ಏರ್ಪಾಡಿತ್ತು. ಪಾದ್ರಿಯಲ್ಲದ ಆರ್ನಾಲ್ಡರ ಪಾಲಿಗೆ ವೆಸ್ಲಿಯನ್ ಮೊದಲಾದ ಇತರ ಸಭೆಗಳ ಶಾಲೆಗಳು ಬಂದವು. ಇವು ಅಲ್ಲೊಂದು ಇಲ್ಲೊಂದು ಚದರಿಹೋಗಿದ್ದುದರಿಂದ ಅವರ ಪ್ರಾಂತವು ಮಿಕ್ಕವರದಕ್ಕಿಂತ ಬಹಳ ವಿಸ್ತಾರವಾಗಿತ್ತು. ಮೊದಲ ವರ್ಷಗಳಲ್ಲಿ ದಂಪತಿಗಳಿಗೆ ನೆಲೆಯಾದ ಮನೆಯೇ ಇರಲಿಲ್ಲ. ರೈಲಿನಿಂದ ರೈಲಿಗೆ, ಬಾಡಿಗೆಯ ಕೊಠಡಿಯಿಂದ ಕೊಠಡಿಗೆ ಅಲೆದಾಟ. ಹಗಲೆಲ್ಲ ಮಕ್ಕಳ ಓದನ್ನು ಕೇಳುವುದು, ರಾತ್ರಿ ದೀಪದ ಬುಡದಲ್ಲಿ ಉತ್ತರಪತ್ರಿಕೆಗಳ ರಾಶಿಯನ್ನು ತಿದ್ದುವುದು. ಇದರ ನಡುವೆ ಉಳಿದ ಚೂರುಪಾರು ಹೊತ್ತಿನಲ್ಲಿ ಅವರು ತಮ್ಮ ಕಾವ್ಯಗಳನ್ನು ಬರೆದರು.

ಹೊಸ ಇನ್‌ಸ್ಪೆಕ್ಟರರ ಕಣ್ಣಿಗೆ ಬಹು ಬೇಗನೆ ಬಿದ್ದುದು ಶಿಷ್ಯೋಪಾಧ್ಯಾಯರ ಸ್ಥಿತಿ. ಹದಿಮೂರು ವರ್ಷ ತುಂಬಿದ ಹುಡುಗ ಹುಡುಗಿಯರನ್ನು ಐದು ವರ್ಷ ಮುಖ್ಯೋಪಾಧ್ಯಾಯರ ಕೈಕೆಳಗೆ ಇರಿಸಿ, ಕಲಿಯುತ್ತಲೇ ಕಲಿಸುವಂತೆ ಮಾಡುವ ಪದ್ಧತಿಯು 1846ರಿಂದ ನಡೆದುಬಂದಿತ್ತು. ಇವರ ತಲೆಯಲ್ಲಿ ಊರುಗಳ ಹೆಸರು, ರಾಜರ ಕಾಲ, ವ್ಯಾಕರಣದ ಸೂತ್ರ ಇವೆಲ್ಲ ತುಂಬಿದ್ದವು. ಆದರೆ ಸರಳವಾದ ಒಂದು ಪದ್ಯದ ಭಾವವನ್ನು ಸ್ವಂತ ಮಾತಿನಲ್ಲಿ ಹೇಳೆಂದರೆ ತಡವರಿಸುತ್ತಿದ್ದರು. ಇದನ್ನು ಆರ್ನಾಲ್ಡರು ತಮ್ಮ ಮೊದಲ ವರದಿಯಲ್ಲಿಯೇ ನಿಸ್ಸಂಕೋಚವಾಗಿ ಬರೆದು, ಉತ್ತಮ ಕಾವ್ಯಭಾಗಗಳನ್ನು ಅರ್ಥ ತಿಳಿದು ಕಂಠಸ್ಥ ಮಾಡಿಸಬೇಕೆಂದು ಸಲಹೆಯಿತ್ತರು.

ಇಂಥ ವರದಿಗಳಿಂದ ಕೆಲವರಿಗೆ ನೋವಾಗುವುದು ಸಹಜವೇ. ಶಾಲೆಗಳು ಬಡತನದಲ್ಲಿ ನಡೆಯುತ್ತಿವೆ, ಉಪಾಧ್ಯಾಯರ ಕಷ್ಟಗಳು ಬಹಳ, ಆದುದರಿಂದ ಇನ್‌ಸ್ಪೆಕ್ಟರಾದವನು ದೋಷಗಳನ್ನು ಕಂಡೂ ಕಾಣದವನಂತೆ ಇರಬೇಕೆಂಬ ವಾದವು ಆಗಲೂ ಇತ್ತು. 1854ರ ವರದಿಯಲ್ಲಿ ಆರ್ನಾಲ್ಡರು ಇದಕ್ಕೆ ಉತ್ತರ ಕೊಟ್ಟರು. ಶಾಲೆಯ ಕಷ್ಟವನ್ನು ತಿಳಿದವನು ಅದರ ಗ್ರಾಂಟನ್ನು ನಿಲ್ಲಿಸಬೇಡಿರೆಂದು ಶಿಫಾರಸು ಮಾಡಬಹುದು. ಆದರೆ ಕಂಡ ಕೊರತೆಯನ್ನು ಬರೆಯದೆ ಬಿಡುವ ಹಕ್ಕು ಅವನಿಗಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ದಯೆಯನ್ನು ತೋರಿಸಬೇಕಾದದ್ದು ಶಿಕ್ಷೆಯಲ್ಲಿ. ಸಾಕ್ಷಿ ನುಡಿಯುವಾಗ ಅದಕ್ಕೆ ಸ್ಥಳವಿಲ್ಲ. ವೈದ್ಯನು ರೋಗಿಯ ಮೇಲಿನ ಕರುಣೆಯಿಂದ ರೋಗದ ಹೆಸರನ್ನೇ ಬದಲಿಸಿದರೆ ರೋಗಿಗೆ ಒಳ್ಳೆಯದಾಗುವುದೇ? ಈ ಒಂದು ವಿವೇಕವನ್ನು ಹಿಡಿದುಕೊಂಡರೆ ಅವರ ಮುಂದಿನ ಜೀವನವೆಲ್ಲ ನಮಗೆ ಅರ್ಥವಾಗುವುದು. ಉಪಾಧ್ಯಾಯರು ಲೆಕ್ಕ ಒಪ್ಪಿಸಲೇಬೇಕೆಂದು ಅವರು ನಂಬಿದ್ದರು. ಆ ಲೆಕ್ಕವು ನಿಜವಾಗಿರಬೇಕೆಂದೂ ಅಷ್ಟೇ ದೃಢವಾಗಿ ನಂಬಿದ್ದರು.

1859ರಲ್ಲಿ ಸರಕಾರವು ನೇಮಿಸಿದ್ದ ನ್ಯೂಕಾಸಲ್ ಕಮಿಷನ್ನಿನವರು ಅವರನ್ನು ಫ್ರಾನ್ಸ್, ಹಾಲೆಂಡ್, ಸ್ವಿಟ್ಜರ್ಲೆಂಡುಗಳ ಶಾಲೆಗಳನ್ನು ನೋಡಿಬರಲು ಕಳುಹಿಸಿದರು. ಆ ವರ್ಷವೇ ಮನೆಯಲ್ಲಿ ಒಂದು ದುಃಖವೂ ಒದಗಿತು. ಅವರ ತಮ್ಮ ವಿಲಿಯಂ ಆರ್ನಾಲ್ಡರು ನಮ್ಮ ದೇಶದ ಪಂಜಾಬು ಪ್ರಾಂತದಲ್ಲಿ ವಿದ್ಯಾಭ್ಯಾಸ ಇಲಾಖೆಯ ಮೊದಲನೆಯ ಡೈರೆಕ್ಟರಾಗಿದ್ದವರು. ಅವರು ಸ್ವದೇಶಕ್ಕೆ ಮರಳುತ್ತಾ ಏಪ್ರಿಲ್ ತಿಂಗಳಲ್ಲಿ ಜಿಬ್ರಾಲ್ಟರಿನಲ್ಲಿ ತೀರಿಕೊಂಡರು. ಅನಾಥರಾದ ನಾಲ್ವರು ಮಕ್ಕಳನ್ನು ಆರ್ನಾಲ್ಡರ ಅಕ್ಕ ಜೇನ್ ಎಂಬಾಕೆಯೂ ಆಕೆಯ ಪತಿ ವಿಲಿಯಂ ಫಾರ್‌ಸ್ಟರರೂ ಮಡಿಲಿಗೆ ತೆಗೆದುಕೊಂಡು ಸಾಕಿದರು. ಈ ಫಾರ್‌ಸ್ಟರರೇ ಮುಂದೆ 1870ರಲ್ಲಿ ಇಂಗ್ಲೆಂಡಿನಲ್ಲೆಲ್ಲ ಪ್ರಾಥಮಿಕ ಶಾಲೆಗಳು ಏಳುವಂತೆ ಮಾಡಿದ ಕಾನೂನನ್ನು ತಂದ ಮಂತ್ರಿಗಳು.

ಈಗ ಆರ್ನಾಲ್ಡರ ಉದ್ಯೋಗಜೀವನದ ಮುಖ್ಯವಾದ ಪರೀಕ್ಷೆಯ ಕಾಲವು ಬಂದಿತು. ಶಾಲೆಗಳಿಗಾಗಿ ಸರಕಾರದ ವೆಚ್ಚವು ವರ್ಷಕ್ಕೆ 8 ಲಕ್ಷ ಪೌಂಡುಗಳನ್ನು ಮೀರಿ ಬೆಳೆದಿತ್ತು. ಇಷ್ಟು ಹಣ ಕೊಟ್ಟು ನಾವು ಪಡೆಯುವುದೇನು ಎಂದು ಪಾರ್ಲಿಮೆಂಟಿನವರು ಕೇಳತೊಡಗಿದರು. ಪ್ರಶ್ನೆಯು ನ್ಯಾಯವಾದದ್ದೇ. ವಿದ್ಯಾಭ್ಯಾಸ ಸಮಿತಿಯ ಉಪಾಧ್ಯಕ್ಷರಾಗಿದ್ದ ರಾಬರ್ಟ್ ಲೋ ಎಂಬವರು ಇದಕ್ಕೆ ಉತ್ತರವಾಗಿ 1862ರಲ್ಲಿ ರಿವೈಸ್ಡ್ ಕೋಡ್ ಎಂಬ ಪರಿಷ್ಕೃತ ನಿಬಂಧನೆಯನ್ನು ಜಾರಿಗೆ ತಂದರು. ಇನ್ನು ಮುಂದೆ ವಿದ್ಯಾಭ್ಯಾಸವು ಒಂದೋ ಫಲಕಾರಿಯಾಗುವುದು, ಇಲ್ಲವೋ ಅಗ್ಗವಾಗುವುದು ಎಂದು ಅವರು ಸಭೆಗೆ ಭರವಸೆ ಕೊಟ್ಟರು. ಫಲಿತಾಂಶಕ್ಕೆ ತಕ್ಕ ಗ್ರಾಂಟು ಎಂಬ ಪದ್ಧತಿಯು ಹೀಗೆ ಹುಟ್ಟಿತು.

ಅದರ ಕ್ರಮ ಹೀಗಿತ್ತು. ಶಾಲೆಯ ಸರಾಸರಿ ಹಾಜರಿಯನ್ನು ನೋಡಿ ತಲೆಯೊಂದಕ್ಕೆ 4 ಷಿಲಿಂಗು. ಬೆಳಗಿನ ಅಥವಾ ಮಧ್ಯಾಹ್ನದ ಹೊತ್ತುಗಳಲ್ಲಿ 200ಕ್ಕೂ ಹೆಚ್ಚು ಸಲ ಹಾಜರಾದ ಪ್ರತಿಯೊಂದು ಮಗುವಿಗೂ ಇನ್ನು 8 ಷಿಲಿಂಗು. ಆದರೆ ಆ ಮಗುವು ಇನ್‌ಸ್ಪೆಕ್ಟರ ಮುಂದೆ ಓದು, ಬರಹ, ಲೆಕ್ಕ ಈ ಮೂರರಲ್ಲಿಯೂ ತೇರ್ಗಡೆಯಾಗಬೇಕು. ಒಂದೊಂದು ವಿಷಯದಲ್ಲಿ ತಪ್ಪಿದರೆ 2 ಷಿಲಿಂಗು 8 ಪೆನ್ಸು ಕಡಿತ. ಮೂರರಲ್ಲಿಯೂ ತಪ್ಪಿದರೆ ಎಂಟು ಷಿಲಿಂಗೂ ಹೋಯಿತು. ಮಕ್ಕಳನ್ನು ಆರು ಮಟ್ಟಗಳಾಗಿ ವಿಂಗಡಿಸಿದ್ದರು. ಕೆಳಗಿನ ಮಟ್ಟದ ಮಗುವು ಸಣ್ಣ ಸಣ್ಣ ಮಾತುಗಳ ಕಥೆಯನ್ನು ಓದಿದರೆ ಸಾಕು. ಮೇಲಿನ ಮಟ್ಟದ್ದು ವೃತ್ತಪತ್ರಿಕೆಯ ಒಂದು ಸಣ್ಣ ಭಾಗವನ್ನು ಓದಬೇಕು. ಹೆಣ್ಣುಮಕ್ಕಳಿಗೆ ಸಾದಾ ಹೊಲಿಗೆಯನ್ನು ಕಲಿಸದ ಶಾಲೆಗೆ ಗ್ರಾಂಟು ಇರಲಿಲ್ಲ. ಹಿಂದೆ ಉಪಾಧ್ಯಾಯರಿಗೆ ಸರಕಾರದಿಂದ ನೇರವಾಗಿ ಸಲ್ಲುತ್ತಿದ್ದ ಭತ್ಯವು ನಿಂತುಹೋಯಿತು. ಹಣವೆಲ್ಲ ಆಡಳಿತದವರ ಕೈಗೆ ಬಂದು, ಉಪಾಧ್ಯಾಯರ ಅನ್ನವು ಮಕ್ಕಳ ಅಂದಿನ ಉತ್ತರದ ಮೇಲೆ ನಿಂತಿತು.

ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನಾವುದೆನ್ನಿಸುವುದು? ಕೆಲಸಕ್ಕೆ ತಕ್ಕ ಕೂಲಿ. ಕಲಿಸಿದರೆ ಹಣ, ಕಲಿಸದಿದ್ದರೆ ಇಲ್ಲ. ಆರ್ನಾಲ್ಡರಾದರೋ ಹನ್ನೊಂದು ವರ್ಷ ಶಾಲೆಗಳ ಒಳಗೆ ತಿರುಗಾಡಿದ್ದವರು. ತಾವು ಅನ್ನ ತಿನ್ನುತ್ತಿದ್ದ ಇಲಾಖೆಯ ನಿಬಂಧನೆಯನ್ನೇ ಖಂಡಿಸಿ, 1862ರ ಮಾರ್ಚ್ ತಿಂಗಳಲ್ಲಿ ಫ್ರೇಸರ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನವನ್ನು ಪ್ರಕಟಿಸಿದರು. ಲೇಖನದ ಕೆಳಗೆ ಹೆಸರಿರಲಿಲ್ಲ; ಆದರೆ ಬರೆದವರು ಯಾರೆಂಬುದು ಹೊರಬಿದ್ದರೆ ಕೆಲಸಕ್ಕೇ ಸಂಚಕಾರ ಬರಬಹುದೆಂಬುದನ್ನು ಅವರು ಬಲ್ಲವರಾಗಿದ್ದರು. ಮಡದಿಮಕ್ಕಳ ಭಾರವಿದ್ದ, ಸಂಬಳವಲ್ಲದೆ ಬೇರೆ ಆಸ್ತಿಯಿಲ್ಲದ ಗೃಹಸ್ಥನಿಗೆ ಇದು ಸಾಮಾನ್ಯವಾದ ಸಾಹಸವಲ್ಲ.

ಅವರ ವಾದವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ಪುಸ್ತಕಗಳಿರುವ ಮನೆಯಲ್ಲಿ, ಒಳ್ಳೆಯ ಮಾತು ಕಿವಿಗೆ ಬೀಳುವ ಕಡೆ ಬೆಳೆದ ಮಗುವು ಬೇಗ ಓದುತ್ತದೆ. ಕತ್ತಲೆಯ ಕೋಣೆಯಿಂದ ಬಂದ ಕೂಲಿಯವನ ಮಗುವು ತಡವಾಗಿ ಓದುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಕಡಿಮೆ ತೂಗಿದ ಕಡೆ ಹಣವನ್ನು ಕಿತ್ತುಕೊಂಡರೆ, ಯಾವ ಶಾಲೆಗೆ ಸಹಾಯವು ಹೆಚ್ಚಾಗಿ ಬೇಕೋ ಅದಕ್ಕೇ ಪೆಟ್ಟು ಬೀಳುವುದು. ಬಡಮಕ್ಕಳಿಗೆ ಶಾಲೆಯು ಅಕ್ಷರ ಕಲಿಸುವ ಅಂಗಡಿ ಮಾತ್ರವಲ್ಲ. ಶುಚಿ, ಶಿಸ್ತು, ಸಭ್ಯವಾದ ನಡೆನುಡಿ ಇವೆಲ್ಲವನ್ನು ಅವರು ಅಲ್ಲಿಯೇ ಕಾಣಬೇಕು. ಇವುಗಳನ್ನು ಷಿಲಿಂಗಿನ ಲೆಕ್ಕಕ್ಕೆ ಸೇರಿಸುವ ಬಗೆ ಹೇಗೆ? ಲೆಕ್ಕಕ್ಕೆ ಬಾರದ್ದನ್ನು ಯಾರು ಕಲಿಸಿಯಾರು? ಹಿಂದೆ ಇನ್‌ಸ್ಪೆಕ್ಟರು ಶಾಲೆಯ ಒಟ್ಟು ಜೀವವನ್ನು ನೋಡುತ್ತಿದ್ದನು. ಇನ್ನು ಮುಂದೆ ಅವನು ಮಕ್ಕಳ ತಲೆಗಳನ್ನು ಎಣಿಸುವ ಗುಮಾಸ್ತನಾಗುವನು.

ಅವರು ಅಂಜಿದ್ದಂತೆಯೇ ಆಯಿತು. ವರ್ಷವೆಲ್ಲ ಒಂದೇ ಪುಸ್ತಕವನ್ನು ಉರುಹೊಡೆಸಿದರೆ ಮಗುವು ಇನ್‌ಸ್ಪೆಕ್ಟರ ಮುಂದೆ ನಿರರ್ಗಳವಾಗಿ ಓದುತ್ತದೆ. ಅದೇ ಮಗುವಿಗೆ ಬೇರೆ ಪುಸ್ತಕವನ್ನು ಕೊಟ್ಟರೆ ಬಾಯಿ ಕಟ್ಟುತ್ತದೆ. ನಿಜವಾಗಿ ಓದು ಬರಹ ಲೆಕ್ಕಗಳನ್ನು ಅರಿಯದೆಯೇ ಅವುಗಳಲ್ಲಿ ತೇರ್ಗಡೆಯಾಗುವ ಉಪಾಯವನ್ನು ಶಾಲೆಗಳು ಕಂಡುಕೊಂಡವು. 1867ರ ವರದಿಯಲ್ಲಿ ಆರ್ನಾಲ್ಡರು ಶಾಲೆಗಳ ಬುದ್ಧಿಯ ಚೈತನ್ಯವು ಕುಂದಿರುವುದನ್ನೂ ಶಿಷ್ಯೋಪಾಧ್ಯಾಯರ ಸಂಖ್ಯೆಯು ಇಳಿದಿರುವುದನ್ನೂ ದುಃಖದಿಂದ ನಮೂದಿಸಿದರು. ಚರಿತ್ರೆ, ಭೂಗೋಳ, ಕವಿತೆಗಳು ಹಣ ತಾರದ ವಿಷಯಗಳಾದುದರಿಂದ ಮೂಲೆಗೆ ಬಿದ್ದವು. ಲೋ ಅವರ ಭರವಸೆಯಲ್ಲಿ ಅರ್ಧವೇನೋ ನಿಜವಾಯಿತು. 1865ರ ಹೊತ್ತಿಗೆ ಸರಕಾರದ ವೆಚ್ಚವು ಸುಮಾರು 6 ಲಕ್ಷ 36 ಸಾವಿರ ಪೌಂಡುಗಳಿಗೆ ಇಳಿಯಿತು. ವಿದ್ಯೆಯು ಅಗ್ಗವಾಯಿತು.

ಇಲ್ಲಿ ಉಪಾಧ್ಯಾಯರನ್ನು ಮಾತ್ರ ದೂಷಿಸುವುದು ಸರಿಯಲ್ಲ. ಮನೆಯಲ್ಲಿ ಒಲೆ ಉರಿಯಬೇಕಾದರೆ ಮಗುವು ಇಂದು ತಪ್ಪಬಾರದು ಎಂಬ ಸ್ಥಿತಿಗೆ ತಂದಿಟ್ಟಮೇಲೆ, ಗಿಳಿಪಾಠವನ್ನು ಬಿಟ್ಟು ಇನ್ನೇನನ್ನು ನಿರೀಕ್ಷಿಸಬಹುದು? ಇಲಾಖೆಯಾದರೂ ತನ್ನ ವಿಷಯದಲ್ಲಿ ಸತ್ಯವನ್ನು ಹೊರಗೆಡಹಲು ಸಿದ್ಧವಿತ್ತೇ? ತನ್ನ ನೀತಿಗೆ ವಿರುದ್ಧವಾದ ಅಭಿಪ್ರಾಯಗಳುಳ್ಳ ವರದಿಗಳನ್ನು ಅದು ಇನ್‌ಸ್ಪೆಕ್ಟರುಗಳಿಗೆ ಹಿಂದಿರುಗಿಸುತ್ತಿತ್ತು. ತಿದ್ದಿ ಕೊಡದಿದ್ದರೆ ಅವು ಅಚ್ಚಾಗುತ್ತಿರಲಿಲ್ಲ. 1864ರ ಏಪ್ರಿಲ್ ತಿಂಗಳಲ್ಲಿ ಈ ವಿಷಯವು ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದು, ಸಭೆಯು ಇಲಾಖೆಯ ಮೇಲೆ ಖಂಡನೆಯ ನಿರ್ಣಯವನ್ನು ಮಾಡಲು, ಲೋ ಅವರು ರಾಜೀನಾಮೆ ಕೊಟ್ಟರು. ವಿಚಾರಣಾ ಸಮಿತಿಯೊಂದು ಅವರ ವೈಯಕ್ತಿಕ ಪ್ರಾಮಾಣಿಕತೆಯನ್ನು ಎತ್ತಿಹಿಡಿದುದರಿಂದ ಆ ನಿರ್ಣಯವನ್ನು ಆಮೇಲೆ ಹಿಂತೆಗೆದುಕೊಂಡರೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಆದರೂ ಶಾಲೆಗಳಿಂದ ಕಟ್ಟುನಿಟ್ಟಾಗಿ ಲೆಕ್ಕ ಕೇಳುವ ಇಲಾಖೆಯೇ ತನಗೆ ಹಿತವಲ್ಲದ ಲೆಕ್ಕವನ್ನು ಮುಚ್ಚಿಡುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಲ್ಲವೇ?

ಈ ಪದ್ಧತಿಯು ಸಮುದ್ರವನ್ನು ದಾಟಿ ನಮ್ಮ ನಾಡಿಗೂ ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಬೊಂಬಾಯಿ ಆಧಿಪತ್ಯಗಳಲ್ಲಿ ಫಲಿತಾಂಶವನ್ನು ನೋಡಿ ಗ್ರಾಂಟು ಕೊಡುವ ಕ್ರಮವು ಬಳಕೆಯಲ್ಲಿತ್ತು. ದಕ್ಷಿಣ ಕನ್ನಡವು ಆಗ ಮದರಾಸಿಗೂ ಧಾರವಾಡ, ಬೆಳಗಾವಿಗಳು ಬೊಂಬಾಯಿಗೂ ಸೇರಿದ್ದುವಷ್ಟೆ. ಇನ್‌ಸ್ಪೆಕ್ಟರು ಬರುವ ದಿನವೆಂದರೆ ಹಳೆಯ ಶಾಲೆಗಳಲ್ಲಿ ಏಕೆ ಅಷ್ಟು ಗಡಿಬಿಡಿ, ಅಷ್ಟು ನಡುಕ ಎಂಬುದರ ಬೇರು ಇಲ್ಲಿದೆ.

ಬಡವರ ಶಾಲೆಗಳಿಗೆ ಹೀಗೆ ಅತಿಯಾದ ಲೆಕ್ಕವಿದ್ದರೆ, ಮಧ್ಯಮ ವರ್ಗದವರ ಖಾಸಗಿ ಶಾಲೆಗಳಿಗೆ ಯಾವ ಲೆಕ್ಕವೂ ಇರಲಿಲ್ಲ. ಅವುಗಳನ್ನು ನೋಡುವ ಇನ್‌ಸ್ಪೆಕ್ಟರಿಲ್ಲ. ಉಪಾಧ್ಯಾಯರ ಯೋಗ್ಯತೆಗೆ ಪ್ರಮಾಣವಿಲ್ಲ. ಅಲ್ಲಿ ಇದ್ದದ್ದು ವೃತ್ತಪತ್ರಿಕೆಯ ಜಾಹೀರಾತು ಒಂದೇ. ಸೊಗಸಾದ ಕಟ್ಟಡ, ತಾಯಿಯಂಥ ಆರೈಕೆ, ಸರ್ವವಿದ್ಯೆಗಳ ಬೋಧನೆ ಎಂದು ಶಾಲೆಗಳು ಡಂಗುರ ಹೊಡೆಯುತ್ತಿದ್ದವು. ಮೇಲೆ ಥಳಕು, ಒಳಗೆ ಹುಳುಕು. 1864ರಲ್ಲಿ ಪುಸ್ತಕವಾಗಿ ಹೊರಬಂದ ಎ ಫ್ರೆಂಚ್ ಈಟನ್ ಎಂಬ ಪ್ರಬಂಧದಲ್ಲಿ ಆರ್ನಾಲ್ಡರು ಈ ವಿಷಯವನ್ನು ಎತ್ತಿಕೊಂಡರು. ಫ್ರಾನ್ಸಿನ ತುಲೂಸ್ ನಗರದ ಸರಕಾರಿ ಶಾಲೆಯನ್ನೂ, ಲಾಕೋರ್ಡೇರ್ ಎಂಬ ಸಂನ್ಯಾಸಿಗಳು ಸೊರೇಜ್ ಎಂಬಲ್ಲಿ ನಡೆಸುತ್ತಿದ್ದ ಶಾಲೆಯನ್ನೂ ವರ್ಣಿಸಿ, ಅಲ್ಲಿಯ ಸಾಧಾರಣ ವರಮಾನದ ತಂದೆಗೆ ಇರುವ ಭದ್ರತೆಯು ಇಂಗ್ಲೆಂಡಿನ ತಂದೆಗೆ ಏಕಿಲ್ಲವೆಂದು ಕೇಳಿದರು. ಜನರು ಸಂತೆಯಲ್ಲಿ ಬೆಣ್ಣೆಯ ಗುಣವನ್ನು ತಾವೇ ಕಂಡುಕೊಳ್ಳುತ್ತಾರೆ, ಆದರೆ ಬೋಧನೆಯ ಗುಣವನ್ನು ಹಾಗೆ ಕಂಡುಕೊಳ್ಳಲಾರರು ಎಂಬುದು ಅಲ್ಲಿಯ ಮುಖ್ಯ ವಾದ. ಕೆಟ್ಟ ಬೆಣ್ಣೆಯು ಅಂದೇ ನಾತ ಬೀರುತ್ತದೆ. ಕೆಟ್ಟ ಬೋಧನೆಯ ಫಲವು ಗೊತ್ತಾಗುವ ಹೊತ್ತಿಗೆ ಮಗುವು ಬೆಳೆದಿರುತ್ತದೆ, ಕಳೆದ ಕಾಲವು ಮರಳಿ ಬರುವುದಿಲ್ಲ. ಆದುದರಿಂದ ತಾಯಿತಂದೆಗಳ ಪರವಾಗಿ ತಿಳಿದವರೊಬ್ಬರು ಒಳಹೊಕ್ಕು ನೋಡಿ ನಿಜವನ್ನು ಹೇಳಬೇಕು. 1871ರ ಫ್ರೆಂಡ್‌ಷಿಪ್ಸ್ ಗಾರ್ಲೆಂಡ್ ಎಂಬ ವಿನೋದ ಗ್ರಂಥದಲ್ಲಿ ಲೈಕರ್ಗಸ್ ಹೌಸ್ ಎಂಬ ಕಲ್ಪಿತ ಶಾಲೆಯನ್ನೂ ಸಿಲ್ವರ್‌ಪಂಪ್ ಎಂಬ ಅದರ ಬಡಾಯಿಯ ಮುಖ್ಯೋಪಾಧ್ಯಾಯರನ್ನೂ ಸೃಷ್ಟಿಸಿ, ಇಂಥ ಡಂಭವನ್ನು ಅವರು ಹಾಸ್ಯಮಾಡಿದ್ದಾರೆ.

1865ರಲ್ಲಿ ಟಾಂಟನ್ ಕಮಿಷನ್ ಎಂದು ಹೆಸರಾದ ಮತ್ತೊಂದು ವಿಚಾರಣಾ ಮಂಡಲಿಯವರು ಆರ್ನಾಲ್ಡರನ್ನು ಪುನಃ ಯೂರೋಪ್ ಖಂಡದ ಶಾಲೆಗಳನ್ನು ನೋಡಲು ಕಳುಹಿಸಿದರು. ಈ ಕಮಿಷನ್ನಿನ ಹೆಸರು ಹೆಣ್ಣುಮಕ್ಕಳ ಪ್ರೌಢಶಾಲೆಯ ಬಳಗದವರಿಗೆ ವಿಶೇಷವಾಗಿ ಸ್ಮರಣೀಯವಾದುದು. ಎಮಿಲಿ ಡೇವಿಸ್ ಮೊದಲಾದ ಮಹಿಳೆಯರ ಪ್ರಯತ್ನದಿಂದ ಹೆಣ್ಣುಮಕ್ಕಳ ಶಾಲೆಗಳೂ ಅದರ ವಿಚಾರಣೆಗೆ ಸೇರಿದವು. ಫ್ರಾನ್ಸಿಸ್ ಬಸ್, ಡೊರೊತಿಯಾ ಬೀಲ್ ಎಂಬ ಇಬ್ಬರು ಮುಖ್ಯೋಪಾಧ್ಯಾಯಿನಿಯರು ಅದರ ಮುಂದೆ ಸಾಕ್ಷಿ ನುಡಿದರು. ಮನೆಗೆ ಬಂದ ನೆಂಟರ ಮುಂದೆ ತೋರಿಸಬಹುದಾದ ಪಿಯಾನೊ, ಚಿತ್ರಗೆಲಸ, ನಾಲ್ಕು ಫ್ರೆಂಚ್ ಮಾತು ಇವುಗಳಿಗೆ ಹೆಚ್ಚಿನ ಹೊತ್ತನ್ನು ಕೊಟ್ಟು, ಲೆಕ್ಕವನ್ನೂ ವಿಚಾರಶಕ್ತಿಯನ್ನೂ ಅಲಕ್ಷಿಸಿದ್ದ ಶಾಲೆಗಳೇ ಬಹಳವೆಂದು ಕಮಿಷನ್ನಿನವರು ಕಂಡರು. ಇದನ್ನು ಮುಚ್ಚಿಡದೆ ಅಚ್ಚುಹಾಕಿದ್ದೇ ಮಹೋಪಕಾರವಾಯಿತು. 1872ರಲ್ಲಿ ಹೆಣ್ಣುಮಕ್ಕಳಿಗಾಗಿ ಉತ್ತಮ ಪ್ರೌಢಶಾಲೆಗಳನ್ನು ತೆರೆಯುವ ಕಂಪೆನಿಯೊಂದು ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಆರ್ನಾಲ್ಡರ ತಮ್ಮನ ಮಗಳು ಜೂಲಿಯಾ ಹಕ್ಸ್‌ಲಿಯವರೂ 1902ರಲ್ಲಿ ಪ್ರಯರ್ಸ್ ಫೀಲ್ಡ್ ಎಂಬ ಹೆಣ್ಣುಮಕ್ಕಳ ಶಾಲೆಯನ್ನು ಸ್ಥಾಪಿಸಿದರು. ಕಹಿಯಾದ ವರದಿಯಿಂದ ಸಿಹಿಯಾದ ಫಲವು ಹುಟ್ಟುವುದೆಂಬುದಕ್ಕೆ ಈ ಕಮಿಷನ್ನಿನ ಕಥೆಗಿಂತ ಬೇರೆ ಸಾಕ್ಷಿ ಬೇಕೆ?

ಈ ನಡುವೆ ಆರ್ನಾಲ್ಡರ ಮನೆಯಲ್ಲಿ ಮೇಲಿಂದ ಮೇಲೆ ಸಾವುಗಳಾದವು. 1868ನೆಯ ಒಂದೇ ವರ್ಷದಲ್ಲಿ ಎಳೆಯ ಕೂಸಾದ ಬೇಸಿಲನೂ ಹದಿನಾರು ವರ್ಷದ ಹಿರಿಯ ಮಗ ಥಾಮಸನೂ ತೀರಿಕೊಂಡರು. 1872ರಲ್ಲಿ ಹದಿನೆಂಟರ ಪ್ರಾಯದ ಇನ್ನೊಬ್ಬ ಮಗನೂ ಅಗಲಿದನು. ಆರು ಮಕ್ಕಳಲ್ಲಿ ಮೂವರನ್ನು ಮಣ್ಣಿಗೊಪ್ಪಿಸಿದ ತಂದೆಯು ಮರಳಿ ಪರರ ಮಕ್ಕಳ ನಡುವೆ ಹೋಗಿ ಕುಳಿತು, ಅವರ ಓದನ್ನು ಕೇಳುವ ಕೆಲಸಕ್ಕೆ ತೊಡಗಿದರು. ಆ 1872ರಲ್ಲಿಯೇ ಅವರು ಯೆಶಾಯನ ಗ್ರಂಥದ 40ನೆಯ ಅಧ್ಯಾಯದಿಂದ ಕೊನೆಯವರೆಗಿನ ಭಾಗವನ್ನು ಪ್ರಾಥಮಿಕ ಶಾಲೆಗಳ ಮಕ್ಕಳು ಓದುವುದಕ್ಕೆ ತಕ್ಕಂತೆ ಅಣಿಗೊಳಿಸಿ ಪ್ರಕಟಿಸಿದರು. ಚೂರುಚೂರಾದ ಪಾಠಗಳನ್ನೇ ಉರುಹೊಡೆದ ಬಡ ಮಕ್ಕಳು ಮಹತ್ತಾದ ಒಂದು ಕೃತಿಯನ್ನು ಆದಿಯಿಂದ ಅಂತ್ಯದವರೆಗೆ ಓದಿ ಆನಂದಪಡಲೆಂಬುದೇ ಅವರ ಆಶೆ.

ಅವರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ವಿವರಗಳ ಲೆಕ್ಕದಲ್ಲಿ ಅವರು ಇತರ ಇನ್‌ಸ್ಪೆಕ್ಟರುಗಳಷ್ಟು ಕಟ್ಟುನಿಟ್ಟಾಗಿರಲಿಲ್ಲವೆಂದು ಕೆಲವರು ಆಕ್ಷೇಪಿಸಿದ್ದುಂಟು. ಉತ್ತರಪತ್ರಿಕೆಗಳ ಬೇಸರವನ್ನು ತೋಡಿಕೊಂಡು ಅವರು ಮನೆಯವರಿಗೆ ಬರೆದ ಕಾಗದಗಳು ಅನೇಕವಿವೆ. ಆಕ್ಸ್‌ಫರ್ಡಿನಲ್ಲಿ 1857ರಿಂದ ಹತ್ತು ವರ್ಷ ಕಾವ್ಯದ ಪ್ರಾಧ್ಯಾಪಕರಾಗಿ, ಲ್ಯಾಟಿನ್ನಿಗೆ ಬದಲಾಗಿ ಇಂಗ್ಲಿಷಿನಲ್ಲಿಯೇ ಉಪನ್ಯಾಸ ಮಾಡಿದ ಮೊದಲಿಗರೆಂಬ ಕೀರ್ತಿಯನ್ನು ಪಡೆದ ಮೇಲೆಯೂ ಶಾಲೆಗಳ ಅಲೆದಾಟವು ಅವರಿಗೆ ತಪ್ಪಲಿಲ್ಲ. 1886ರಲ್ಲಿ ಅವರು ಕೆಲಸದಿಂದ ನಿವೃತ್ತರಾದರು. ಆ ನವೆಂಬರ್ ತಿಂಗಳಲ್ಲಿ ಲಂಡನ್ನಿನ ವೆಸ್ಟ್‌ಮಿನಿಸ್ಟರ್ ಭಾಗದ ಉಪಾಧ್ಯಾಯರು ಸಭೆ ಸೇರಿ ಅವರನ್ನು ಸನ್ಮಾನಿಸಿದರು. ತಮ್ಮ ತಪ್ಪುಗಳನ್ನು ವರದಿಯಲ್ಲಿ ಬರೆದವರನ್ನು ಉಪಾಧ್ಯಾಯರೇ ಪ್ರೀತಿಯಿಂದ ಬೀಳ್ಕೊಟ್ಟದ್ದು ಗಮನಿಸತಕ್ಕ ವಿಷಯ. ನಿಜ ಹೇಳುವವನು ವೈರಿಯಾಗಲೇಬೇಕೆಂಬ ನಿಯಮವೇನೂ ಇಲ್ಲ. ಅವನು ನ್ಯಾಯವಂತನೆಂಬ ನಂಬಿಕೆಯಿದ್ದರೆ ಸಾಕು.

1888ರ ಏಪ್ರಿಲ್ 15ರಂದು, ಅಮೆರಿಕದಿಂದ ಬರುತ್ತಿದ್ದ ಮಗಳನ್ನು ಎದುರುಗೊಳ್ಳಲು ಲಿವರ್‌ಪೂಲಿಗೆ ಹೋಗಿದ್ದ ಅವರು, ಟ್ರಾಮನ್ನು ಹಿಡಿಯಲು ಓಡಿ, ಹೃದಯವು ನಿಂತು ಅಸುನೀಗಿದರು. ಹುಟ್ಟಿದ ಊರಾದ ಲೇಲ್‌ಹ್ಯಾಮಿನಲ್ಲಿ, ತಮ್ಮ ಮಕ್ಕಳ ಸಮಾಧಿಗಳ ಬಳಿಯಲ್ಲಿ ಅವರನ್ನು ಮಣ್ಣುಮಾಡಿದರು. ಅವರ ಶಾಲಾ ವರದಿಗಳು ಮರುವರ್ಷ ಪುಸ್ತಕವಾಗಿ ಹೊರಬಂದವು. ಫಲಿತಾಂಶಕ್ಕೆ ತಕ್ಕ ಗ್ರಾಂಟಿನ ಪದ್ಧತಿಯು 1890ರಿಂದ ಸಡಿಲವಾಗುತ್ತ ಬಂದು 1897ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕೊನೆಗೊಂಡಿತು. ತಾವು ಮೂವತ್ತೈದು ವರ್ಷಗಳ ಹಿಂದೆ ಹೇಳಿದ ಮಾತು ಗೆದ್ದುದನ್ನು ನೋಡಲು ಆರ್ನಾಲ್ಡರು ಉಳಿದಿರಲಿಲ್ಲ.

ಆ ಪದ್ಧತಿಯು ಹೋಯಿತಾದರೂ ಅದರ ನೆರಳು ಪೂರ್ತಿಯಾಗಿ ಹೋಗಿಲ್ಲ. ನೂರಕ್ಕೆ ನೂರು ಫಲಿತಾಂಶವೆಂದು ರಸ್ತೆಯ ಬದಿಯ ಫಲಕಗಳಲ್ಲಿ ಇಂದಿಗೂ ದೊಡ್ಡ ಅಕ್ಷರಗಳನ್ನು ಕಾಣುತ್ತೇವೆ. ಆ ನೂರನ್ನು ಮುಟ್ಟುವುದಕ್ಕಾಗಿ ಹಿಂದುಳಿದ ಎಷ್ಟು ಮಕ್ಕಳನ್ನು ಮೊದಲೇ ಹೊರಗಿಟ್ಟರು, ಏನನ್ನು ಕಲಿಸದೆ ಬಿಟ್ಟರು ಎಂಬುದನ್ನು ಫಲಕವು ಹೇಳುವುದಿಲ್ಲ. ಹಾಗೆಂದು ಉಪಾಧ್ಯಾಯಿನಿಯರನ್ನು ಯಾರೂ ಕೇಳಬಾರದೆಂದು ಭಾವಿಸುವುದೂ ತಪ್ಪೇ. ಮಗುವಿನ ಒಂದು ವರ್ಷವನ್ನು ಕೈಯಲ್ಲಿ ಹಿಡಿದವರು ಅದಕ್ಕೆ ಉತ್ತರವಾದಿಗಳು.

ಆದುದರಿಂದ ತಾಯಿತಂದೆಗಳು ಶಾಲೆಗೆ ಬಂದಾಗ, ಎಷ್ಟು ಮಂದಿ ತೇರ್ಗಡೆಯಾದರೆಂದು ಅವಶ್ಯವಾಗಿ ಕೇಳಲಿ. ಹಿಂದೆ ಬಿದ್ದ ಮಗುವಿಗೆ ನೀವು ಏನು ಮಾಡಿದಿರೆಂದೂ ಕೇಳಲಿ. ಮನೆಯಲ್ಲಿ ಮಗಳ ಕೈಗೆ ಪಾಠದ ಪುಸ್ತಕವಲ್ಲದ ಬೇರೊಂದು ಪುಸ್ತಕವನ್ನು ಕೊಟ್ಟು ಓದಿಸಿ ಕೇಳಲಿ. ಶಾಲೆಯವರಾದರೋ, ವರದಿಯನ್ನು ಓದುವಾಗ ಸಾಧಿಸಿದ್ದನ್ನು ಹೇಳಿದಂತೆಯೇ ಸಾಧಿಸಲಾಗದ್ದನ್ನೂ ಒಂದೆರಡು ಸಾಲಿನಲ್ಲಿ ಹೇಳಲಿ. ಹೇಳಿದ ಉಪಾಧ್ಯಾಯಿನಿಯನ್ನು ಅದಕ್ಕಾಗಿ ಯಾರೂ ದಂಡಿಸದಿರಲಿ. ಕೊರತೆಯನ್ನು ಒಪ್ಪಿಕೊಂಡ ಶಾಲೆಯ ಮೇಲೆ ತಾಯಿತಂದೆಗಳ ನಂಬಿಕೆಯು ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಮಡದಿಮಕ್ಕಳ ಅನ್ನವನ್ನು ಪಣಕ್ಕಿಟ್ಟು ಸತ್ಯವಾದ ಲೆಕ್ಕಕ್ಕಾಗಿ ನಿಂತ ಆ ಹಳೆಯ ಇನ್‌ಸ್ಪೆಕ್ಟರರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಗೌರವವು ಇದೇ.